ಇಪ್ಪತ್ತೊಂದು ಬಿಸಿಲಿನ ಆಡುಸೋಗೆ

ನಮ್ಮೂರಿನಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಯಾವ ಸೊಪ್ಪಿನ ಕಷಾಯ ಕುಡಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಷ್ಟು ಬಿಸಿಲಿನ ಸೊಪ್ಪು ಎಂದು ಕೇಳುತ್ತಿದ್ದರು. ಈಗ ನಾನು ಮಗಳ ಜೊತೆ ಇರುವ ಊರಿನಲ್ಲಿ ಬಿಸಿಲು ಎಲ್ಲ ಮನೆಗಳ ಮೇಲೂ ಒಂದೇ ಸಮನೆ ಬೀಳುತ್ತದೆ, ಹಾಗಾಗಿ ಅದಕ್ಕೆ ಕಿಮ್ಮತ್ತಿಲ್ಲ. ಹೋದ ತಿಂಗಳು ಸಂತೆಯಲ್ಲಿ ತುಳಸಿ ಮಾರುತ್ತಿದ್ದವಳನ್ನು ಹಳೆಯ ಅಭ್ಯಾಸದಿಂದ "ಎಷ್ಟು ಬಿಸಿಲಿಂದಮ್ಮ ಇದು" ಎಂದು ಕೇಳಿಬಿಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಪ, ಅಜ್ಜಿಗೆ ಬಿಸ್ಲು ತಲೆಗೇರಿದೆ" ಎಂದು ಪಕ್ಕದವಳಿಗೆ ಹೇಳಿ, ನನಗೆ ಕುಡಿಯಲು ನೀರು ಕೊಟ್ಟಳು. ನೀರು ತಣ್ಣಗಿತ್ತು, ಕುಡಿದು ಬಂದೆ.

ನಮ್ಮೂರಿಗಿದ್ದದ್ದು ಒಂದೇ ಉದ್ದನೆಯ ಬೀದಿ. ಬೀದಿಯ ಒಂದು ಮಗ್ಗುಲಿನ ಮನೆಗಳ ಮೇಲೆ ಬಿಸಿಲು ಬೀಳುತ್ತಿತ್ತು, ಇನ್ನೊಂದು ಮಗ್ಗುಲಿನ ಮೇಲೆ ಬೀಳುತ್ತಿರಲಿಲ್ಲ. ಬೆಳಿಗ್ಗೆಯೂ ಇಲ್ಲ, ನಡುಹಗಲಿನಲ್ಲೂ ಇಲ್ಲ, ಯಾವ ಋತುವಿನಲ್ಲೂ ಇಲ್ಲ. ಬೀದಿಯ ನಡುವೆ ಗೆರೆ ಎಳೆದ ಹಾಗೆ ಬಿಸಿಲು ಬಂದು ನಿಂತುಬಿಡುತ್ತಿತ್ತು. ಬಿಸಿಲಿದ್ದ ಕಡೆಗೆ ಬಿಸಿಲು ಸಾಲು, ಇಲ್ಲದ ಕಡೆಗೆ ನೆರಳು ಸಾಲು. ದನಗಳು ಚಳಿಗಾಲದಲ್ಲಿ ಗೆರೆಯ ಆ ಕಡೆ, ಬೇಸಿಗೆಯಲ್ಲಿ ಈ ಕಡೆ ಮಲಗುತ್ತಿದ್ದವು. ಮನುಷ್ಯರಿಗೆ ಅಷ್ಟು ಸುಲಭವಿರಲಿಲ್ಲ. ನೆರಳು ಸಾಲಿನವರಿಗೆ ಹಪ್ಪಳ ಒಣಗಿಸಲು, ಮೆಣಸಿನಕಾಯಿ ಹರಡಲು, ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯಲು ಆಚೆ ಒಂದು ಮನೆ ಬೇಕಿತ್ತು. ಬಿಸಿಲು ಸಾಲಿನವರಿಗೆ ಬೆಣ್ಣೆ ಇಡಲು, ಜ್ವರ ಬಂದವರನ್ನು ಮಲಗಿಸಲು ಈಚೆ ಒಂದು ಮನೆ ಬೇಕಿತ್ತು. ಅದಕ್ಕೇ ಹೆಣ್ಣು ಕೊಡುವುದೂ ತರುವುದೂ ಯಾವಾಗಲೂ ಗೆರೆ ದಾಟಿಯೇ. ಒಂದೇ ಸಾಲಿನೊಳಗೆ ಮದುವೆ ಮಾಡಿಕೊಂಡರೆ ಹಪ್ಪಳವೂ ಒಣಗುವುದಿಲ್ಲ, ಬೆಣ್ಣೆಯೂ ಉಳಿಯುವುದಿಲ್ಲ ಎಂದು ಹಿರಿಯರು ಎಚ್ಚರಿಸುತ್ತಿದ್ದರು.

ಗಿಡಗಳೂ ಗೆರೆ ದಾಟುತ್ತಿದ್ದವು. ಒಂದೆಲಗ ಬಿಸಿಲನ್ನೇ ಕಾಣಬಾರದು. ದೊಡ್ಡಪತ್ರೆಗೆ ಮೂರು ಬಿಸಿಲು ಸಾಕು, ತುಳಸಿಗೆ ಏಳು, ನೆಲಬೇವಿಗೆ ಹದಿನಾಲ್ಕು. ಆಡುಸೋಗೆಗೆ ಮಾತ್ರ ಇಪ್ಪತ್ತೊಂದು. ನೆರಳಿನಲ್ಲಿ ನೆಟ್ಟು ಬೇರು ಹಿಡಿಸಿದ ಗಿಡವನ್ನು ಸೊಸೆಯಾದವಳು ಕುಂಡದ ಸಮೇತ ಸೊಂಟದ ಮೇಲಿಟ್ಟುಕೊಂಡು ತನ್ನ ತಾಯಿಯ ಮನೆಗೆ ಒಯ್ಯಬೇಕು. ಇದಕ್ಕೆ ಗಿಡ ತವರಿಗೆ ಹೋಗುವುದು ಎನ್ನುತ್ತಿದ್ದರು. ತವರಿನವರು ಕುಂಡದ ಕಂಠಕ್ಕೆ ಅರಿಸಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಳ್ಳಬೇಕು, ಬಿಸಿಲು ಬಿದ್ದ ದಿನಕ್ಕೊಂದು ಸುಣ್ಣದ ಬೊಟ್ಟು ಇಡಬೇಕು, ಬಿಸಿಲು ಪೂರೈಸಿದ ಮೇಲೆ ಬುಡಕ್ಕೆ ಒಂದು ಹಿಡಿ ಅಕ್ಕಿ ಹಾಕಿ ಕಳಿಸಬೇಕು. ಆ ಅಕ್ಕಿ ಗಿಡದ ಮಡಿಲಕ್ಕಿ. ಮದುವೆಯಾದ ಹೊಸದರಲ್ಲಿ ತವರಿಗೆ ಹೋಗಲು ನೆಪ ಬೇಕಾದ ಹುಡುಗಿಯರು ಏನೂ ಬೇನೆಯಿಲ್ಲದ ಮನೆಯಲ್ಲೂ ಒಂದು ತುಳಸಿ ಕುಂಡ ಎತ್ತಿಕೊಂಡು ಹೊರಡುತ್ತಿದ್ದರು.

ನನ್ನನ್ನು ನೋಡಲು ಬಂದ ದಿನ ನನ್ನ ಅತ್ತೆ ಮರಿದೇವಮ್ಮ ನನ್ನ ಮುಖ ಸರಿಯಾಗಿ ನೋಡಲೇ ಇಲ್ಲ. ಉಪ್ಪಿಟ್ಟು ಮುಟ್ಟದೆ ನೇರವಾಗಿ ಹಿತ್ತಿಲಿಗೆ ನಡೆದರು. ಗೋಡೆ ಮುಟ್ಟಿದರು, ಮಣ್ಣು ಚಿವುಟಿ ಮೂಸಿದರು. "ಈ ಗೋಡೆ ಮೇಲೆ ಸಂಜೆ ಎಷ್ಟೊತ್ತಿನ ತನಕ ಬಿಸ್ಲು ಇರ್ತದೆ?" ಎಂದು ನಮ್ಮಪ್ಪನನ್ನು ಕೇಳಿದರು. ದೀಪ ಹಚ್ಚುವ ತನಕ ಇರುತ್ತದೆ ಎಂದು ಅಪ್ಪ ಹೇಳಿದ. "ಹಂಗಾದ್ರೆ ಹುಡುಗಿ ಒಪ್ಪಿಗೆ" ಎಂದರು ಅತ್ತೆ. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ಹೆಣ್ಣು ನೋಡಲು ಬಂದವರು ಜಾತಕ ಕೇಳುವುದುಂಟು, ಹಾಡು ಹೇಳಿಸುವುದುಂಟು. ನನ್ನನ್ನು ಒಪ್ಪಿದ್ದು ಗೋಡೆ ನೋಡಿ.

ಅತ್ತೆಯದು ನೆರಳು ಸಾಲಿನ ನಡುವೆ ಮದ್ದಿನ ಸೊಪ್ಪು ಬೇರು ಮಾರುವ ಗ್ರಂಧಿಗೆ ಅಂಗಡಿ. ಮಾವ ತೀರಿಹೋದ ಮೇಲೆ ಅದನ್ನು ನಡೆಸುತ್ತಿದ್ದವರು ಅವರೇ, ನಮ್ಮ ಯಜಮಾನರು ತಕ್ಕಡಿ ಹಿಡಿಯುತ್ತಿದ್ದರು ಅಷ್ಟೆ. ಇನ್ನೂರು ಡಬ್ಬಗಳಿದ್ದವು, ಒಂದರ ಮೇಲೂ ಹೆಸರಿರಲಿಲ್ಲ. ಅತ್ತೆಯ ನಾಲಿಗೆಯೇ ಅಂಗಡಿಯ ಪಟ್ಟಿ. ಯಾವುದಾದರೂ ಎಲೆಯ ಚೂರು ಬಾಯಿಗೆ ಹಾಕಿಕೊಂಡರೆ ಎಷ್ಟು ಬಿಸಿಲು ಕಂಡಿದೆ, ನೀರು ಎಷ್ಟು ದಿನಕ್ಕೊಮ್ಮೆ ಹಾಕಿದ್ದಾರೆ, ಗೊಬ್ಬರ ಬಿದ್ದಿದೆಯೋ ಇಲ್ಲವೋ ಎಲ್ಲ ಹೇಳುತ್ತಿದ್ದರು. ಒಮ್ಮೆ ಒಬ್ಬ ನೆಲಬೇವು ಮಾರಲು ತಂದಿದ್ದ. ಅತ್ತೆ ಒಂದು ಎಲೆ ಅಗಿದು, "ಹದಿನಾಲ್ಕು ಬೊಟ್ಟು ಇಟ್ಟಿದೀಯಪ್ಪ, ನಡುವೆ ಎರಡು ದಿನ ಮೋಡ ಇತ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡ್ಕೊಂಡಿದೀಯ" ಎಂದು ಹಿಂದಕ್ಕೆ ಕೊಟ್ಟರು. ಅವನು ಕಮಕ್ ಕಿಮಕ್ ಎನ್ನದೆ ಎತ್ತಿಕೊಂಡು ಹೋದ.

ಗಿಡದ ಬಗ್ಗೆ ಅತ್ತೆಗೆ ಒಂದಿಷ್ಟೂ ದಯೆಯಿರಲಿಲ್ಲ. ಮಣ್ಣಿಗೆ ಅರ್ಧ ಮರಳು ಬೆರೆಸಬೇಕು. ಗೊಬ್ಬರ ಕೂಡದು. ಆಡುಸೋಗೆಗೆ ಮೂರು ದಿನಕ್ಕೆ ಒಂದು ಚೆಂಬು ನೀರು, ಅದೂ ಎಲೆ ಜೋತುಬಿದ್ದ ಮೇಲೆ. ಹುಳ ಕಚ್ಚಿದರೆ ಕಚ್ಚಲಿ, ತೆಗೆಯಬಾರದು. "ಸುಖವಾಗಿ ಬೆಳ್ದ ಗಿಡ ಸಾರಿಗಾಯ್ತು, ಮದ್ದಿಗಲ್ಲ" ಎನ್ನುತ್ತಿದ್ದರು. "ಬಿಸ್ಲು ಸುಡ್ಬೇಕು, ಬಾಯಾರ್ಬೇಕು, ಹುಳ ಕಡೀಬೇಕು. ಅದನ್ನೆಲ್ಲ ತಡ್ಕೊಳಕ್ಕೆ ಅದು ಒಳಗೆ ಏನೋ ಕಹಿ ಮಾಡ್ಕೊಳ್ತದೆ. ನಮಗೆ ಬೇಕಾದ್ದು ಆ ಕಹಿ." ಹೀಗೆ ಹೇಳುವಾಗ ನನ್ನ ಕಡೆ ನೋಡುತ್ತಿದ್ದರು. ಇದು ಗಿಡಕ್ಕೋ ಸೊಸೆಗೋ ಎಂದು ನಾನು ಅಡುಗೆಮನೆಯಲ್ಲಿ ಒಬ್ಬಳೇ ಯೋಚಿಸುತ್ತಿದ್ದೆ. ಆದರೆ ನ್ಯಾಯವಾಗಿ ಹೇಳಬೇಕು, ನನಗೆ ಆ ಮನೆಯಲ್ಲಿ ಹೊಟ್ಟೆಗೆ ಬಟ್ಟೆಗೆ ಯಾವ ಕೊರತೆಯೂ ಇರಲಿಲ್ಲ. ಇಲ್ಲದ್ದು ಬಿಸಿಲು ಒಂದೇ. ಮೊದಲ ಆರು ತಿಂಗಳು ನನ್ನ ಕೂದಲು ಒಣಗಿದ ನೆನಪೇ ಇಲ್ಲ.

ಅತ್ತೆಗೆ ಉಸಿರು ಕಟ್ಟುವ ಗೂರಲು ಇತ್ತು. ಕಾರ್ತಿಕ ಕಳೆದು ಚಳಿ ಇಳಿಯುತ್ತಿದ್ದಂತೆ ನೆರಳು ಸಾಲಿನ ಗೋಡೆಗಳು ಬೆವರುತ್ತಿದ್ದವು, ಅತ್ತೆಯ ಎದೆ ಕೊಳಲಿನ ಹಾಗೆ ಕೂಗಲು ಶುರುವಾಗುತ್ತಿತ್ತು. ಅದಕ್ಕೆ ಆಗಿಬರುತ್ತಿದ್ದದ್ದು ಇಪ್ಪತ್ತೊಂದು ಬಿಸಿಲಿನ ಆಡುಸೋಗೆ ಕಷಾಯ ಮಾತ್ರ. ಅಷ್ಟು ವರ್ಷ ಅವರು ಅಂಗಡಿಗೆ ಬಂದ ಎಲೆಯನ್ನೇ ಕುಡಿಯುತ್ತಿದ್ದರು. ಅವರ ಸ್ವಂತ ತವರು ಬಿಸಿಲು ಸಾಲಿನ ಕೊನೆಯಲ್ಲಿ, ಕೆರೆಯ ಪಕ್ಕದ ಮನೆ, ಎಂದೋ ಬೀಗ ಬಿದ್ದು ಸೂರು ಕುಸಿದಿತ್ತು. ನಾನು ಬಂದ ವರ್ಷ ಮೊದಲ ಸಲ, "ನನ್ನ ಪಾಲಿನ ನಾಲ್ಕು ಕುಂಡ ಈ ಸಲ ನಿನ್ನ ತವರಿಗೆ ಹೋಗ್ಲಿ ದಾಕ್ಷಿ" ಎಂದರು. ದಾಕ್ಷಾಯಣಿ ನನ್ನ ಹೆಸರು. ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ನಾಲ್ಕು ಕುಂಡಕ್ಕೆ ನಾಲ್ಕು ಸಲ ಹೋಗಿಬರಬಹುದಲ್ಲ ಎಂದು ಒಂದೊಂದಾಗಿ ಹೊತ್ತೆ.

ನಮ್ಮವ್ವ ಚೆನ್ನಾಜಮ್ಮನ ಬಗ್ಗೆ ಇಲ್ಲಿ ಹೇಳಿಬಿಡಬೇಕು. ಅವಳು ಹುಟ್ಟಿದ್ದು ನೆರಳು ಸಾಲಿನಲ್ಲಿ. ಮದುವೆಯಾಗಿ ಬಿಸಿಲಿಗೆ ಬಂದು ಮೂವತ್ತು ವರ್ಷವಾದರೂ ಅವಳಿಗೆ ಬಿಸಿಲು ಒಗ್ಗಲಿಲ್ಲ. ಹಿತ್ತಿಲಿನ ತುಳಸಿಕಟ್ಟೆಗೆ ಹೋಗಲೂ ಕೊಡೆ ಬೇಕು. ಬಿಸಿಲು ಸಾಲಿನ ಹೆಂಗಸರು ಅವಳನ್ನು ಕೊಡೆ ಚೆನ್ನಾಜಮ್ಮ ಎಂದೇ ಕರೆಯುತ್ತಿದ್ದರು. ಅವ್ವ ಕುಂಡಗಳಿಗೆ ಅರಿಸಿನ ಕುಂಕುಮ ಹಚ್ಚಿ, ಒಂದೊಂದರ ಎಲೆಯನ್ನೂ ಸವರಿ, "ಬನ್ರಮ್ಮ" ಎಂದು ಒಳಗೆ ಕರೆದುಕೊಂಡಳು. ನಾನು ಅತ್ತೆ ಹೇಳಿದ ನಿಯಮಗಳನ್ನೆಲ್ಲ ಒಪ್ಪಿಸಿದೆ. ಆಗಲಿ ಆಗಲಿ ಎಂದಳು. ಹೊರಡುವಾಗ ತಿರುಗಿ ನೋಡಿದೆ. ಅವ್ವ ಇನ್ನೂ ಕುಂಡಗಳ ಮುಂದೆಯೇ ಕುಕ್ಕರುಗಾಲಿನಲ್ಲಿ ಕೂತಿದ್ದಳು.

ಇಪ್ಪತ್ತೊಂದು ಬೊಟ್ಟು ತುಂಬಿಸಿಕೊಂಡು ಗಿಡಗಳು ಬಂದಾಗ ನನಗೆ ಹೆಮ್ಮೆಯೋ ಹೆಮ್ಮೆ. ಎಲೆಗಳು ಅಂಗೈಯಗಲ, ಎಣ್ಣೆ ಹಚ್ಚಿದ ಹಾಗೆ ಮಿರಮಿರ. ನಮ್ಮ ಅಂಗಡಿಗೆ ಬರುತ್ತಿದ್ದ ಆಡುಸೋಗೆ ಮುರುಟಿಕೊಂಡು ತೂತು ಬಿದ್ದು ನೋಡಲು ದರಿದ್ರವಾಗಿರುತ್ತಿತ್ತು. ನನ್ನ ತವರಿನ ಮಣ್ಣಿನ ಗುಣ ನೋಡಿ ಎನ್ನುವಂತೆ ಅತ್ತೆಯ ಮುಂದೆ ಇಟ್ಟೆ. ಅತ್ತೆ ಎಲೆಯನ್ನು ನೋಡಿದರು. ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಅಷ್ಟು ಹೊತ್ತು ಅವರು ಯಾವ ಎಲೆಯನ್ನೂ ಅಗಿದದ್ದನ್ನು ನಾನು ನೋಡಿರಲಿಲ್ಲ. ನಾನು ಕಾದು ನಿಂತೆ. "ಚೆನ್ನಾಗದೆ" ಎಂದರು. "ನಾಳೆಯಿಂದ ಇದನ್ನೇ ಕಾಯ್ಸು. ಇನ್ನೊಂದು ನಾಲ್ಕು ಕುಂಡ ಕಳ್ಸು, ನಿಮ್ಮವ್ವನಿಗೆ ಬೇಜಾರಿಲ್ದಿದ್ರೆ."

ಕಾಯಿಸಿ ಕೊಟ್ಟೆ. ದಿನಕ್ಕೆರಡು ಲೋಟ, ಮೆಣಸು ಬೆಲ್ಲ ಹಾಕಿ. ಎಂಟು ದಿನವಾಯಿತು, ಹದಿನೈದಾಯಿತು. ಗೂರಲು ಇಳಿಯಲಿಲ್ಲ, ಏರಿತು. ಮೊದಲು ಮೆಟ್ಟಿಲು ಹತ್ತುವಾಗ ಏದುತ್ತಿದ್ದವರು ಈಗ ಕೂತಲ್ಲೇ ಏದತೊಡಗಿದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಗೋಡೆಗೆ ದಿಂಬು ಆನಿಸಿಕೊಂಡು ಕೂತೇ ಇರುತ್ತಿದ್ದರು. ಯಜಮಾನರು ಎರಡು ಸಲ ಕೇಳಿದರು, "ಅಂಗಡೀಲಿ ಬೇರೆ ಅಂಗಳದ ಎಲೆ ಅದಲ್ಲವ್ವ, ಅದನ್ನ ಕಾಯ್ಸಿ ಕೊಡ್ಲಾ?" ಅತ್ತೆ ಬೇಡವೆಂದು ಕೈಯಾಡಿಸಿದರು. "ಸೊಸೆ ತವರಿಂದ ಬಂದದ್ದು ಮನೇಲಿರುವಾಗ ಅದ್ಯಾಕೆ? ಅದು ಗಿರಾಕಿಗಿರಲಿ." ಅವರ ಹಟ ಗೊತ್ತಿದ್ದರಿಂದ ನಾವು ಸುಮ್ಮನಾದೆವು. ಕೆಮ್ಮಿನ ಕಾಲವಾದ್ದರಿಂದ ಮಾರ್ಗಶಿರ ಮುಗಿಯುವುದರೊಳಗೆ ಅಂಗಡಿಯ ಆಡುಸೋಗೆ ಡಬ್ಬವೂ ಬರಿದಾಯಿತು. ಆಗ ನನಗೆ ನಿಜವಾಗಿ ಹೆದರಿಕೆ ಹುಟ್ಟಿತು. ಎರಡನೆಯ ನಾಲ್ಕು ಕುಂಡಗಳಾದರೂ ಹೇಗಿವೆ ನೋಡೋಣವೆಂದು ಒಂದು ದಿನ ಹೇಳದೆ ಕೇಳದೆ ನಡುಹಗಲಿನಲ್ಲಿ ತವರಿಗೆ ನಡೆದೆ. ಅದುವರೆಗೆ ನಾನು ಹೋಗುತ್ತಿದ್ದದ್ದು ಸಂಜೆಯೇ.

ಹಿತ್ತಿಲಿನಲ್ಲಿ ಅವ್ವ ಬೆನ್ನು ಮಾಡಿ ಕೂತಿದ್ದಳು. ಅವಳ ದೊಡ್ಡ ಕರಿಯ ಕೊಡೆ ನಾಲ್ಕು ಕುಂಡಗಳ ಮೇಲೆ ಬಿಚ್ಚಿತ್ತು, ಹಿಡಿ ಗೋಡೆಯ ಗೂಟಕ್ಕೆ ಕಟ್ಟಿತ್ತು. ಪಕ್ಕದಲ್ಲಿ ಪಾತ್ರೆಯಲ್ಲಿ ಅಕ್ಕಿ ತೊಳೆದ ನೀರು, ಇನ್ನೊಂದರಲ್ಲಿ ನೀರುಮಜ್ಜಿಗೆ. ಅವ್ವ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತ, ಹುಳ ಹೆಕ್ಕುತ್ತ, "ನಿಮ್ಮತ್ತೆ ಮನೇಲಿ ಹಿಂಗೆಲ್ಲ ಮಾಡೋರು ಯಾರಿದಾರೆ, ಇರೋವರ್ಗೂ ಇರಿ" ಎಂದು ಮಾತಾಡಿಸುತ್ತಿದ್ದಳು. ಕುಂಡದ ಕಂಠದಲ್ಲಿ ಹನ್ನೊಂದು ಸುಣ್ಣದ ಬೊಟ್ಟು ನೀಟಾಗಿದ್ದವು. ಹನ್ನೊಂದರಲ್ಲಿ ಒಂದೂ ಬಿಸಿಲಲ್ಲ. ನಾನು ಸಂಜೆ ಬರುವ ಹೊತ್ತಿಗೆ ಕೊಡೆ ತೆಗೆದು, ಒದ್ದೆ ಮಣ್ಣಿನ ಮೇಲೆ ಒಣ ಮರಳು ಉದುರಿಸುತ್ತಿದ್ದಳಂತೆ. ಒಂದು ಎಲೆ ಕಿತ್ತು ಅಗಿದೆ. ಹರಿವೆ ಸೊಪ್ಪಾದರೂ ಸ್ವಲ್ಪ ಒಗರಿರುತ್ತದೆ.

"ಏನವ್ವ ಇದು?" ಎಂದೆ. ಅವ್ವ ಬೆಚ್ಚಿ ಎದ್ದಳು. ಸಿಕ್ಕಿಬಿದ್ದ ಮಕ್ಕಳ ಹಾಗೆ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿದಳು. "ಮಧ್ಯಾಹ್ನ ಎಲೆ ಎಲ್ಲ ಜೋತುಬಿಡ್ತದೆ ಕಣೆ. ನೋಡಕ್ಕಾಗಲ್ಲ. ತವರಿಗೆ ಬಂದೋರ್ನ ಒಣಗಿಸಿ ಕಳಿಸ್ತಾರಾ ಯಾರಾದ್ರೂ?" ಎಂದಳು. ನನಗೆ ತಲೆ ಕೆಟ್ಟುಹೋಯಿತು. ಗೂಟದಿಂದ ಕೊಡೆ ಕಿತ್ತು ನೆಲಕ್ಕೆಸೆದೆ. ಸೆರಗಿನ ತುದಿ ಒದ್ದೆ ಮಾಡಿಕೊಂಡು ನಾಲ್ಕೂ ಕುಂಡದ ಬೊಟ್ಟುಗಳನ್ನು ಒರೆಸಿಹಾಕಿದೆ. "ಅಲ್ಲಿ ನನ್ನ ಅತ್ತೆ ಉಸಿರಿಗೆ ಒದ್ದಾಡ್ತಿದಾರೆ. ನೀನು ಇಲ್ಲಿ ಗಿಡಕ್ಕೆ ಬಾಣಂತನ ಮಾಡ್ತಿದೀಯ. ಅವರಿಗೇನಾದ್ರೂ ಆದ್ರೆ ಅದು ನಿನ್ನ ಕೈಯಿಂದ ಆಗಿದ್ದು, ತಿಳ್ಕೊ" ಎಂದೆ. ಅವ್ವನ ಕೈಯಲ್ಲಿ ಇನ್ನೂ ಒದ್ದೆ ಬಟ್ಟೆಯಿತ್ತು. ನಾನು ಹಿಂದಿರುಗಿ ನೋಡದೆ ಗೆರೆ ದಾಟಿದೆ.

ಮನೆಗೆ ಬಂದು ಅತ್ತೆಯ ಕಾಲ ಬಳಿ ಕೂತು ಅವ್ವ ಮಾಡಿದ್ದನ್ನೆಲ್ಲ ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿದೆ. "ಗೊತ್ತು" ಎಂದರು ಅತ್ತೆ. ನಾನು ತಲೆ ಎತ್ತಿದೆ. "ಎಲೆ ನೋಡ್ದಾಗ್ಲೇ ಗೊತ್ತಾಯ್ತು. ಬಾಯಿಗಿಟ್ಟಾಗ ಅಕ್ಕಿ ತೊಳ್ದ ನೀರು ಅನ್ನೋದೂ ಗೊತ್ತಾಯ್ತು." ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು. "ನಮ್ಮವ್ವನೂ ಹಂಗೇ ಮಾಡ್ತಿದ್ಲು. ನಾನು ಈ ಮನೆಗೆ ಬಂದ ಹೊಸದು. ಅಂಗಡಿ ವಿದ್ಯೆ ಎಲ್ಲ ಬಂದುಬಿಡ್ತು ಅನ್ನೋ ಜಂಬ. ನಾಲ್ಕು ಜನರೆದುರಿಗೆ ಬೈದೆ, ನನ್ನ ಗಿಡ ಕೆಡಿಸ್ತೀಯಾ ಅಂತ. ಅವತ್ತಿಂದ ಅವ್ವ ಗಿಡದ ತಂಟೆಗೇ ಬರ್ಲಿಲ್ಲ. ನಾನು ಹೋದ್ರೆ ಒಳಗಡೆಯಿಂದ್ಲೇ, ಕುಂಡ ಅಲ್ಲಿಟ್ಟಿದೆ ನೋಡು ಅನ್ನೋಳು. ಮುಂದಿನ ಯುಗಾದಿಗೆ ಅವಳಿರ್ಲಿಲ್ಲ." ಅತ್ತೆ ಕಣ್ಣು ಮುಚ್ಚಿಕೊಂಡರು. "ನಾನು ಬೇರೆ ಎಲೆ ಕುಡಿದ್ರೆ ಊರಿಗೆ ಗೊತ್ತಾಗ್ತದೆ. ನಿಮ್ಮವ್ವನಿಗೂ ಗೊತ್ತಾಗ್ತದೆ. ಇನ್ನೊಬ್ಬಳನ್ನ ನೋಯಿಸೋದು ಬೇಡ ಅನ್ನಿಸ್ತು. ಅಲ್ದೆ... ಮೂವತ್ತೆಂಟು ವರ್ಷ ಆಗಿತ್ತು ಕಣೆ ಆ ರುಚಿ ನೋಡಿ."

ನಾನು ಅತ್ತುಬಿಟ್ಟೆ. ಅವರ ಮೇಲೆ ಸಿಟ್ಟೂ ಬಂತು. ರುಚಿಯ ಆಸೆಗೆ ಪ್ರಾಣ ಪಣವಿಡುವ ಹೆಂಗಸನ್ನು ಬುದ್ಧಿವಂತೆ ಎಂದು ಊರೆಲ್ಲ ಹೊಗಳುತ್ತಿತ್ತಲ್ಲ ಎನ್ನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಗಂಟೆಯ ಹಿಂದೆ ನಾನೂ ಅವರು ಮಾಡಿದ್ದನ್ನೇ ಮಾಡಿ ಬಂದಿದ್ದೆ. ಅದನ್ನು ಅವರಿಗೆ ಹೇಳುವ ಧೈರ್ಯವಾಗಲಿಲ್ಲ.

ಹೇಳಬೇಕಾಗಲೂ ಇಲ್ಲ. ಸಂಜೆ ಅವ್ವನೇ ಬಂದಳು. ಹುಟ್ಟಿದ ಸಾಲಾದರೂ ನೆರಳು ಸಾಲಿಗೆ ಅವಳು ಬರುತ್ತಿದ್ದದ್ದು ವರ್ಷಕ್ಕೊಮ್ಮೆ. ನನ್ನ ಮುಖ ನೋಡದೆ ನೇರವಾಗಿ ಅತ್ತೆಯ ಬಳಿ ಹೋಗಿ ನಿಂತಳು. ಅತ್ತೆ ದಿಂಬಿಗೊರಗಿ, ಹೆಗಲು ಮೇಲೆತ್ತಿ ಎತ್ತಿ ಉಸಿರೆಳೆಯುತ್ತಿದ್ದರು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. "ಬೀಗರೇ, ನನ್ನಿಂದ ತಪ್ಪಾಯ್ತು" ಎಂದಳು. ಅತ್ತೆ ಅವಳ ಕೈ ಹಿಡಿದುಕೊಂಡರು. "ಗಿಡ ಚೆನ್ನಾಗಿ ಬಂದಿತ್ತು ಬೀಗರೇ" ಎಂದರು, ಅಷ್ಟಕ್ಕೇ ಉಸಿರು ಮುಗಿಯಿತು. ಅವ್ವ ಕಾಫಿಗೂ ನಿಲ್ಲಲಿಲ್ಲ. ಅವಳು ಹೋದ ಮೇಲೆ ನೋಡಿದರೆ ಬಾಗಿಲ ಮೂಲೆಯಲ್ಲಿ ಕೊಡೆ ಇತ್ತು. ಮರೆತಳೆಂದು ಓಡಿದೆ. ಅವಳು ಆಗಲೇ ಗೆರೆ ದಾಟಿ, ಇಳಿಬಿಸಿಲಿನಲ್ಲಿ ಬರಿತಲೆಯಲ್ಲಿ ಹೋಗುತ್ತಿದ್ದಳು. ಕೂಗಿದರೂ ತಿರುಗಲಿಲ್ಲ.

ಮಾರನೆಯ ದಿನ ತಪ್ಪೊಪ್ಪಿಕೊಳ್ಳಲು ಕೊಡೆ ಹಿಡಿದು ಹೋದೆ. ಕುಂಡಗಳು ಹಿತ್ತಿಲಿನ ಗೋಡೆಯ ಮೇಲೆ, ಮರೆಯೇ ಇಲ್ಲದ ಕಡೆ ಸಾಲಾಗಿ ಕೂತಿದ್ದವು. ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಅವ್ವ ಕೂತಿದ್ದಳು. ನಡುಹಗಲು. ಸೆರಗನ್ನು ಕೂಡ ತಲೆಗೆ ಹೊದ್ದಿರಲಿಲ್ಲ. ಮುಖ ಕೆಂಡವಾಗಿತ್ತು. "ನೀನ್ಯಾಕವ್ವ ಇಲ್ಲಿ ಕೂತಿದೀಯ? ಒಳಗೆ ನಡಿ" ಎಂದೆ. "ನೀರು ಹಾಕ್ಬೇಡ ಅಂದೆ, ಹಾಕಿಲ್ಲ. ಕೊಡೆ ಹಿಡೀಬೇಡ ಅಂದೆ, ಹಿಡಿದಿಲ್ಲ. ಜೊತೇಲಿ ಕೂತ್ಕೋಬೇಡ ಅಂತ ನಿನ್ನ ಅತ್ತೆ ಹೇಳಿಲ್ಲವಲ್ಲ" ಎಂದಳು. ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. "ಹೋಗು, ಅವರಿಗೆ ಹಬೆ ಕೊಡು" ಎಂದು ಕೊಡೆಯ ಸಮೇತ ಕಳಿಸಿದಳು.

ಆ ಇಪ್ಪತ್ತೊಂದು ದಿನವನ್ನು ನಾವು ಹೇಗೆ ಕಳೆದೆವೋ. ಯಜಮಾನರು ಬಿಸಿಲು ಸಾಲಿನಲ್ಲಿ ಮನೆಮನೆ ತಿರುಗಿ ಎಂಟು ಬಿಸಿಲಿನದು, ಒಂಬತ್ತು ಬಿಸಿಲಿನದು ಎಂದು ಐದಾರು ಅರೆಬಲಿತ ಎಲೆ ತರುತ್ತಿದ್ದರು. ಹಿಪ್ಪಲಿ, ಶುಂಠಿ, ಬಿಸಿನೀರಿನ ಹಬೆ, ಎದೆಗೆ ಬಿಸಿ ಉಪ್ಪಿನ ಗಂಟು. ಎರಡು ಸಲ ಅತ್ತೆಯ ಉಗುರು ನೀಲಿಯಾಯಿತು, ಒಂದು ಸಲ ನಾವು ನೆಂಟರಿಗೆ ಹೇಳಿಕಳಿಸಿದ್ದೂ ಆಯಿತು. ನಾನು ದಿನವೂ ಗೆರೆಯ ತನಕ ಹೋಗಿ ಮೋಡವಿದೆಯೇ ಎಂದು ನೋಡಿ ಬರುತ್ತಿದ್ದೆ. ಹನ್ನೆರಡನೆಯ ದಿನ ಅರ್ಧ ಹೊತ್ತು ಮೋಡ ಕಟ್ಟಿತು. ಅವ್ವ ಆ ದಿನ ಬೊಟ್ಟು ಇಡಲಿಲ್ಲ. ಇಪ್ಪತ್ತೊಂದಕ್ಕೆ ಇಪ್ಪತ್ತೆರಡು ದಿನ ಹಿಡಿಯಿತು. ಅಷ್ಟರಲ್ಲಿ ದೊಡ್ಡ ಎಲೆಗಳೆಲ್ಲ ಉದುರಿ, ಬೋಳು ಕಡ್ಡಿಯಲ್ಲಿ ಮುರುಟಿದ ಸಣ್ಣ ಎಲೆಗಳು ಹುಟ್ಟಿದ್ದವು, ಹುಳ ಕಚ್ಚಿದ ತೂತುಗಳ ಸಮೇತ. ಕುಂಡ ತೆಗೆದುಕೊಂಡು ಹೋಗಲು ಬಂದಾಗ ಅವ್ವನ ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಮಡಿಲಕ್ಕಿ ಹಾಕುವಾಗ ಅವಳು ಗಿಡದ ಮುಖ ನೋಡಲಿಲ್ಲ.

ಅತ್ತೆ ಒಂದು ಎಲೆ ಅಗಿದರು. ಮುಖ ಹಿಂಡಿಹೋಯಿತು, ಕಣ್ಣಲ್ಲಿ ನೀರು ಬಂತು. "ಇದು ಮದ್ದು" ಎಂದರು. ಮೂರನೆಯ ದಿನಕ್ಕೆ ಕಫ ಕಡಿಯಿತು. ಐದನೆಯ ದಿನ ಅತ್ತೆ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ನಿದ್ದೆ ಮಾಡಿದರು, ನಾನು ಪಕ್ಕದಲ್ಲಿ ಕೂತು ಅವರ ಉಸಿರು ಕೇಳಿದೆ. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಗದರತೊಡಗಿದರು. ಎಳ್ಳು ಬೀರಲು ತಾವೇ ಬಿಸಿಲು ಸಾಲಿಗೆ ಹೋದರು, ಜೊತೆಗೆ ಅವ್ವನ ಕೊಡೆಯನ್ನೂ ಒಂದು ಒಂದೆಲಗದ ಕುಂಡವನ್ನೂ ಒಯ್ದರು. ಬೀಗಿತಿಯರಿಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಹಿಂದಿರುಗಿ ಬಂದವರು, "ಇನ್ಮೇಲೆ ನಾಲ್ಕಲ್ಲ, ಐದು ಕುಂಡ ಕಳ್ಸು. ಐದನೇದನ್ನ ನಿಮ್ಮವ್ವ ಹೆಂಗೆ ಬೇಕೋ ಹಂಗೆ ಬೆಳೆಸ್ಲಿ, ಅದರ ಲೆಕ್ಕ ನಾನು ಕೇಳಲ್ಲ" ಎಂದರು.

ಅಲ್ಲಿಂದ ಹನ್ನೆರಡು ವರ್ಷ ಐದು ಕುಂಡ ಹೋದವು, ಐದು ಬಂದವು. ನಾಲ್ಕು ಕುಂಡದ ಮುರುಟಿದ ಎಲೆ ಕಷಾಯಕ್ಕೆ. ಐದನೆಯದರ ಅಂಗೈಯಗಲದ ಎಲೆಯನ್ನು ಅತ್ತೆ ಊಟವಾದ ಮೇಲೆ ಸುಮ್ಮನೆ ಅಗಿಯುತ್ತಿದ್ದರು. ಆಮೇಲೆ ಅವ್ವ ಹೋದಳು. ಎರಡು ದಿನದ ಜ್ವರ, ಅಷ್ಟೆ. ಆ ಬೇಸಿಗೆ ತಮ್ಮನ ಹೆಂಡತಿ ಪುಟ್ಟಗೌರಿ ಹಿತ್ತಿಲನ್ನು ವಹಿಸಿಕೊಂಡಳು. ಪಾಪ, ಬಹಳ ಚೊಕ್ಕಟ ಹುಡುಗಿ. ನೀರು ಅಳೆದು ಹಾಕುತ್ತಿದ್ದಳು, ಮೋಡದ ದಿನ ಬೊಟ್ಟು ಇಡುತ್ತಿರಲಿಲ್ಲ. ಮೊದಲ ಸಲ ಅವಳ ಕೈಯಿಂದ ಐದು ಕುಂಡ ಬಂದಾಗ ಅತ್ತೆ ಐದರದ್ದೂ ಒಂದೊಂದು ಎಲೆ ಅಗಿದರು. ಐದೂ ಒಳ್ಳೆಯ ಕಹಿ. "ಹುಡುಗಿಗೆ ಕೆಲಸ ಬರ್ತದೆ" ಎಂದು ಹೇಳಿ ಎದ್ದು ಒಳಗೆ ಹೋದರು.

ಅವ್ವ ಹೋದ ವರ್ಷದ ಚಳಿಯಲ್ಲಿ ನನಗೆ ನೆಗಡಿ ಹಿಡಿಯಿತು. ದೊಡ್ಡದೇನಲ್ಲ, ಮೂಗು ಕಟ್ಟಿ ಗಂಟಲು ಕೆರೆಯುತ್ತಿತ್ತು. ಅತ್ತೆಗೆ ಆಗಲೇ ಎಪ್ಪತ್ತು ದಾಟಿತ್ತು, ಒಲೆಯ ಮುಂದೆ ಕೂರುವುದನ್ನು ಬಿಟ್ಟು ವರ್ಷವಾಗಿತ್ತು. ಅಂಥವರು ಅಂದು ತಾವೇ ಕಷಾಯ ಕಾಯಿಸಿ, ಸೆರಗಿನಲ್ಲಿ ಲೋಟ ಹಿಡಿದು, ಗೋಡೆ ಮುಟ್ಟಿಕೊಂಡು ನನ್ನ ಬಳಿ ಬಂದರು. ಆಡುಸೋಗೆಯ ಕಹಿಗೆ ಮುಖ ಗಟ್ಟಿ ಮಾಡಿಕೊಂಡು ಒಂದು ಗುಟುಕು ಕುಡಿದೆ. ಕಹಿಯಿಲ್ಲ. ಮೆತ್ತಗೆ, ಸಪ್ಪೆ, ಹಿಂದೆ ಎಲ್ಲೋ ಅಕ್ಕಿ ತೊಳೆದ ನೀರಿನ ವಾಸನೆ. ಲೋಟ ಕೈಯಲ್ಲೇ ನಿಂತಿತು. ಇಷ್ಟು ವರ್ಷ ಅವರ ಜೊತೆಗಿದ್ದು ನನ್ನ ನಾಲಿಗೆಯೂ ಅಷ್ಟಿಷ್ಟು ಕಲಿತಿತ್ತು.

"ಅತ್ತೆ, ಇದ್ರಲ್ಲಿ ಮದ್ದೇ ಇಲ್ಲ" ಎಂದೆ. "ಇಲ್ಲ, ನನಗೆ ಗೊತ್ತಿಲ್ವಾ" ಎಂದರು. ಬಚ್ಚಲಿನ ಹಿಂದೆ, ಸೌದೆಯ ಮರೆಯಲ್ಲಿ ಒಂದು ಕುಂಡ ಇಟ್ಟಿದ್ದರಂತೆ. ಅವ್ವನ ತಿಥಿ ಮುಗಿದ ಮಾರನೆಯ ದಿನದಿಂದ ದಿನವೂ ಅದಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದರಂತೆ, ಎಲೆ ಒರೆಸುತ್ತಿದ್ದರಂತೆ. ಜೀವಮಾನದಲ್ಲಿ ಒಂದು ಗಿಡಕ್ಕೂ ಒಂದು ಹನಿ ಹೆಚ್ಚಿಗೆ ನೀರು ಹಾಕದ ಹೆಂಗಸು. "ಅಂಗಡೀಲಿ ಯಾರಿಗೂ ಹೇಳ್ಬೇಡ, ನನ್ನ ಮರ್ಯಾದೆ ಹೋಗ್ತದೆ" ಎಂದರು. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. "ಬಿಸಿ ಆರೋದ್ರೊಳಗೆ ಕುಡಿ."

ಕುಡಿದೆ. ಆ ಸಲ ನೆಗಡಿ ಎಂಟು ದಿನವಾದರೂ ಬಿಡಲಿಲ್ಲ. ಎಂಟು ದಿನವೂ ಅದನ್ನೇ ಕೇಳಿ ಕುಡಿದೆ.